ಕೆಟ್ಟ ದಿನವನ್ನೇ ಹೇಳಬೇಕಂತೆ

ಎದುರು ಬೆಂಚಿನ ಹೆಂಗಸು ನನ್ನ ಮಗಳ ತಲೆಯನ್ನೇ ನೋಡುತ್ತಿದ್ದಾಳೆ, ನೋಡಲಿ, ನೋಡಲೆಂದೇ ಹೀಗೆ ಕರೆತಂದಿರುವುದು, ಆದರೆ ಅವಳ ಕಣ್ಣು ಆ ತಲೆಯಿಂದ ಇಳಿದು ನನ್ನ ಮೇಲೆ ಬರುತ್ತದಲ್ಲ, ಹೆತ್ತವಳಾಗಿ ಒಂದು ಬಾಚಣಿಗೆ ಆಡಿಸಲು ಆಗಲಿಲ್ಲವೇ ನಿನಗೆ ಎನ್ನುತ್ತದಲ್ಲ, ಅದಕ್ಕೆ ಏನು ಹೇಳಲಿ — ತಾಯೀ, ಇದು ಜ್ವರದಲ್ಲೂ ಎಣ್ಣೆ ತಪ್ಪದ ತಲೆ, ಫಿಟ್ಸ್ ಬಂದು ನೆಲಕ್ಕೆ ಬಿದ್ದು ಎದ್ದಾಗಲೂ ಮೊದಲು ಬಾಯಿ ಒರೆಸಿ ಆಮೇಲೆ ಜಡೆ ಸರಿಮಾಡಿದ್ದೇನೆ, ಮನೆಗೆ ಬೆಂಕಿ ಬಿದ್ದರೂ ಬೈತಲೆ ತೆಗೆಯದೆ ಇವಳನ್ನು ಹೊರಗೆ ತರುವವಳಲ್ಲ ನಾನು — ಯಾವ ಭಾಷೆಯಲ್ಲಿ ಹೇಳಲಿ, ಅವಳಿಗೆ ಅರ್ಥವಾಗುವ ಹಿಂದಿಯಲ್ಲಿ ಹೇಳಿದರೆ ಪಕ್ಕದಲ್ಲಿ ಕುಳಿತ ನನ್ನ ಚೋಂದಿಗೂ ಅರ್ಥವಾಗುತ್ತದೆ. ಫಿನಾಯಿಲ್ ವಾಸನೆ, ಅದರ ಕೆಳಗೆ ಉಚ್ಚೆಯ ವಾಸನೆ, ಈ ದಿಲ್ಲಿ ಆಸ್ಪತ್ರೆಯ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ದಿವ್ಯಾಂಗ ಪ್ರಮಾಣ ಪತ್ರ ಕಕ್ಷ, ಅಂಗವಿಕಲರಿಗೆ ಸರ್ಟಿಫಿಕೇಟು ಕೊಡುವ ಕೋಣೆ, ಓದಲು ಬಂದದ್ದೇ ತಪ್ಪಾಯಿತು ಅನ್ನಿಸುತ್ತದೆ ಒಮ್ಮೊಮ್ಮೆ, ಮೂವತ್ತು ದಾಟಿದ ಮೇಲೆ ಮಿಲಿಟರಿಯ ಫ್ಯಾಮಿಲಿ ಕ್ವಾರ್ಟರ್ಸಿನ ರಾತ್ರಿ ಶಾಲೆಯಲ್ಲಿ ಸ್ಲೇಟು ಹಿಡಿದವಳು, ಅವತ್ತಿನಿಂದ ಕಣ್ಣಿಗೆ ಬಿದ್ದ ಬೋರ್ಡನ್ನೆಲ್ಲ ಓದುವ ಚಟ, ದಿವ್ಯ ಅಂಗ ಅಂತೆ, ದಿವ್ಯವಾದದ್ದಕ್ಕೆ ಕೂರಲು ಒಂದು ನೆಟ್ಟಗಿನ ಬೆಂಚಿಲ್ಲ, ಕಾಲು ಮುರಿದದ್ದಕ್ಕೆ ಇಟ್ಟಿಗೆ ಕೊಟ್ಟಿದ್ದಾರೆ, ಗಾಲಿಕುರ್ಚಿ ಹತ್ತುವ ಇಳಿಜಾರಿನ ಬಾಯಿಗೆ ಯಾರದೋ ಸ್ಕೂಟರ್. ಚೋಂದಿ ಬೆನ್ನು ನೆಟ್ಟಗೆ ಮಾಡಿ ಕುಳಿತಿದ್ದಾಳೆ, ಅದೊಂದನ್ನು ಬಿಡಿಸಲಾಗಲಿಲ್ಲ, ಕಲೆಯಾದ ನೈಟಿ ಹಾಕಿಸಿದೆ, ಮೇಲೆ ಹಳೆಯ ಸ್ವೆಟರ್, ಕಾಲಿಗೆ ಹವಾಯಿ ಚಪ್ಪಲಿ, ಆದರೆ ಬೆನ್ನು ಅವಳಪ್ಪನದು, ಅದನ್ನು ಯಾವ ನೈಟಿಯೂ ಬಗ್ಗಿಸುವುದಿಲ್ಲ. ಒರಗಿಕೋ ಮಗಳೇ, ಗೋಡೆಗೆ ಒರಗು ಎಂದೆ, ಅವಳು ನನ್ನ ಮುಖ ನೋಡಿ ನಕ್ಕಳು, ನಾನು ತಮಾಷೆ ಮಾಡುತ್ತಿದ್ದೇನೆಂದು ತಿಳಿದಳು.

ಬಾಗಿಲ ಹತ್ತಿರದ ಗಾರ್ಡ್ ಮತ್ತೆ ನನ್ನ ಸೀರೆ ನೋಡಿ ಹಲ್ಲು ಬಿಡುತ್ತಿದ್ದಾನೆ, ಬರುವಾಗಲೇ ಕೇಳಿದ್ದ, ಮಾತಾಜೀ, ಸಾಡೀ ಉಲ್ಟೀ ಪೆಹನ್ ಲೀ ಕ್ಯಾ, ನಮ್ಮ ಕೊಡಗಿನ ಉಡುಗೆ, ನೆರಿಗೆ ಹಿಂದಕ್ಕೆ, ಅವನಿಗೆ ಅದು ತಿರುವುಮುರುವು, ಭಯ್ಯಾ, ನಮ್ಮ ಕಡೆ ಇದೇ ಸೀದಾ, ನಿಮ್ಮದೇ ಉಲ್ಟಾ ಎಂದೆ, ಅವನು ನಕ್ಕು ಒಳಗೆ ಬಿಟ್ಟ, ಪಾಪ, ಕೆಟ್ಟವನಲ್ಲ, ಇಲ್ಲಿ ಯಾರೂ ಕೆಟ್ಟವರಲ್ಲ, ಅದೇ ನನಗೆ ತಡೆಯಲಾಗದಿರುವುದು, ಒಬ್ಬ ಕೆಟ್ಟವನಾದರೂ ಸಿಕ್ಕಿದ್ದರೆ ಬಾಯಿತುಂಬ ಬೈದು ಮನೆಗೆ ಹೋಗಿ ಮಲಗುತ್ತಿದ್ದೆ. ಎಲ್ಲರೂ ಒಳ್ಳೆಯವರೇ, ಎಲ್ಲರೂ ಪಕ್ಕದ ಕೋಣೆ ತೋರಿಸುತ್ತಾರೆ. ಫಿಟ್ಸಿಗೆ ಮೇಲಿನ ಮಹಡಿ, ಸಕ್ಕರೆ ಕಾಯಿಲೆಗೆ ಕೆಳಗೆ, ಬುದ್ಧಿಗೆ ಹಿಂದಿನ ಕಟ್ಟಡ, ಮಡಚಿಕೊಂಡೇ ಇರುವ ಎಡಗೈಗೆ ಗೇಟಿನ ಆಚೆ ಶೆಡ್ಡು, ಫಿಟ್ಸಿನವರು ಕೊಟ್ಟ ಮಾತ್ರೆಯಿಂದ ಹಸಿವು ಹೆಚ್ಚಿತು, ತಿಂದು ಸಕ್ಕರೆ ಏರಿತು, ಸಕ್ಕರೆಯವರು ಬೈದರು, ಅವರ ಮಾತ್ರೆಯಿಂದ ತಲೆ ತಿರುಗಿ ಬಿದ್ದಳು, ಬಿದ್ದದ್ದಕ್ಕೆ ಫಿಟ್ಸಿನವರು ಬೈದರು, ಸಿಟ್ಟು ಬಂದು ಕೈ ಕಚ್ಚಿಕೊಂಡಳು, ಎರಡೂ ಕಡೆಯವರು ಹಿಂದಿನ ಕಟ್ಟಡಕ್ಕೆ ಹೋಗಿ ಎಂದರು, ಹಿಂದಿನ ಕಟ್ಟಡದವರು ಮೊದಲು ಫಿಟ್ಸ್ ನೋಡಿಸಿಕೊಂಡು ಬನ್ನಿ ಎಂದರು. ನಮ್ಮ ತವರಿನಲ್ಲಿ ಬೇಟೆಯ ಹಂದಿ ಅಂಗಳಕ್ಕೆ ಬಂದರೆ ಪಾಲು ಹಾಕುವುದಿತ್ತು, ಗುಂಡು ತಗುಲಿಸಿದವನಿಗೆ ಅವನ ಪಾಲು, ಪೊದೆ ಬಡಿದು ಓಡಿಸಿದವರಿಗೆ ಅವರವರ ಪಾಲು, ಬೊಗಳಿದ ನಾಯಿಗೂ ಒಂದು ಪಾಲು, ಯಾರೂ ತಮ್ಮ ಪಾಲು ಬಿಟ್ಟು ಹೋದದ್ದಿಲ್ಲ, ಜಗಳವಾಡಿಯಾದರೂ ಹೊತ್ತುಕೊಂಡು ಹೋಗುತ್ತಿದ್ದರು. ಇಲ್ಲಿ ನನ್ನ ಮಗಳನ್ನು ಪಾಲು ಹಾಕಿದ್ದಾರೆ, ಒಬ್ಬರಿಗೂ ಅವರ ಪಾಲು ಬೇಡ. ಇಡೀ ಚೋಂದಮ್ಮ ಬೇಕು ಎಂದವರು ಇಬ್ಬರೇ, ಒಬ್ಬರು ಹೋಗಿಯಾಯಿತು, ಸುಬೇದಾರ್ ಮೊಣ್ಣಯ್ಯ, ಇವಳಪ್ಪ, ರಿಟೈರಾದ ಮೇಲೆ ಪಾಲಂ ಕಡೆ ಯಾವುದೋ ಗೋದಾಮಿನಲ್ಲಿ ಸೆಕ್ಯುರಿಟಿ ಕೆಲಸಕ್ಕೆ ಹೋದವರು ಸಂಜೆ ಬಂದು ಬೂಟು ಬಿಚ್ಚುತ್ತ ಹಾಗೇ ಪಕ್ಕಕ್ಕೆ ವಾಲಿದರು, ಇನ್ನೊಬ್ಬಳು ಈ ಮಾಚಮ್ಮ, ನಾನೇ, ನನ್ನ ಎದೆಯೊಳಗೆ ಒಂದು ಕವಾಟ ಸರಿಯಾಗಿ ಮುಚ್ಚುತ್ತಿಲ್ಲ.

ಮುಚ್ಚುತ್ತಿಲ್ಲವಂತೆ, ಮಿಲಿಟರಿ ಆಸ್ಪತ್ರೆಯ ಹುಡುಗ ಡಾಕ್ಟರ್ ತನ್ನ ಎರಡು ಅಂಗೈಯನ್ನು ಬಾಗಿಲ ಹಾಗೆ ಮಾಡಿ ತೋರಿಸಿದ, ಮಾತಾಜೀ, ರಕ್ತ ವಾಪಸು ಬರ್ತಾ ಇದೆ, ಆಪರೇಷನ್ ಆಗಬೇಕು, ಇನ್ನು ಮುಂದಕ್ಕೆ ಹಾಕಬೇಡಿ, ಮಹಡಿ ಹತ್ತುವಾಗ ಉಸಿರು ಕಟ್ಟಲ್ವಾ, ಕಟ್ಟುತ್ತದಪ್ಪಾ, ರಾತ್ರಿ ಮಲಗಿದರೆ ಕೆಮ್ಮು ಬರಲ್ವಾ, ಬರುತ್ತದಪ್ಪಾ, ಮತ್ತೆ ಯಾಕೆ ತಡ, ಅಡ್ಮಿಟ್ ಆಗಿ, ಜೊತೆಗೆ ಯಾರು ಬರ್ತಾರೆ. ಜೊತೆಗೆ ಚೋಂದಮ್ಮ ಬರುತ್ತಾಳೆ ಎಂದೆ. ಅವನು ಇವಳ ಕಡೆ ನೋಡಿದ, ಇವಳು ಅವನ ಕತ್ತಿನಲ್ಲಿ ನೇತಾಡುವ ಸ್ಟೆತಸ್ಕೋಪನ್ನು ಮುಟ್ಟಲು ಕೈ ನೀಡಿದಳು, ಅವನು ಪೆನ್ನು ಕೆಳಗಿಟ್ಟ. ಇವರನ್ನ ಎಲ್ಲಾದ್ರೂ ಬಿಡೋಕೆ ಆಗುತ್ತಾ. ಎಲ್ಲಾದರೂ. ಎಷ್ಟು ಹಗುರವಾದ ಮಾತು, ಎಲ್ಲಾದರೂ. ಕಿದ್ವಾಯಿ ನಗರದ ಲೀಲಮ್ಮ ಒಂದು ಮಧ್ಯಾಹ್ನ ಇಟ್ಟುಕೊಂಡಿದ್ದಳು, ನನ್ನ ಸ್ಕ್ಯಾನಿಂಗಿಗೆಂದು, ನೀವು ಹೋಗಿ ಬನ್ನಿ ಮಾಚಮ್ಮಕ್ಕ, ನನಗೂ ಮಗಳಿದ್ದ ಹಾಗೆ ಎಂದಳು, ತಿರುಗಿ ಬಂದಾಗ ಅವಳ ಟೀಪಾಯಿಯ ಗಾಜು ಒಡೆದಿತ್ತು, ಚೋಂದಿ ಒದ್ದೆಯಲ್ಲಿ ಮಲಗಿದ್ದಳು, ಲೀಲಮ್ಮ ಬಾಲ್ಕನಿಯಲ್ಲಿ ನಿಂತು ಅಳುತ್ತಿದ್ದಳು, ತಪ್ಪು ತಿಳ್ಕೋಬೇಡಿ ಅಕ್ಕ, ನನ್ನ ಕೈಲಾಗಲ್ಲ ಅಕ್ಕ, ಅವಳನ್ನು ನಾನೇ ಸಮಾಧಾನ ಮಾಡಿ ಗಾಜು ಗುಡಿಸಿ ಬಂದೆ. ಊರಿನಲ್ಲಿ ಮೈದುನಂದಿರ ಮಕ್ಕಳು ಫೋನಿನಲ್ಲಿ ಬಹಳ ಗೌರವದಿಂದ ಮಾತಾಡುತ್ತಾರೆ, ಬನ್ನಿ ದೊಡ್ಡಮ್ಮ, ನಿಮ್ಮದೇ ಮನೆಯಲ್ಲವಾ, ಚೋಂದಕ್ಕನನ್ನು ಮಾತ್ರ — ಅಲ್ಲಿಗೆ ಸಿಗ್ನಲ್ ಹೋಗುತ್ತದೆ, ಯಾವಾಗಲೂ ಅದೇ ಜಾಗದಲ್ಲಿ. ಉಳಿದದ್ದು ಗ್ರೇಟರ್ ನೋಯ್ಡಾದ ಆ ಮನೆ, ಇವಳಂಥ ದೊಡ್ಡ ಮಕ್ಕಳನ್ನು ಕೊನೆತನಕ ಇಟ್ಟುಕೊಳ್ಳುವ ಮನೆ, ಹೋಗಿ ನೋಡಿ ಬಂದಿದ್ದೇನೆ, ಹಾಸಿಗೆ ಚೊಕ್ಕಟ, ಅಡುಗೆಮನೆಯಲ್ಲಿ ನಗುವ ಸದ್ದಿತ್ತು, ಅದನ್ನು ಕೇಳಿಯೇ ಒಪ್ಪಿದೆ, ನಗುವ ಅಡುಗೆಮನೆಯವರು ಹೊಡೆಯುವುದಿಲ್ಲ ಎಂದು ನನ್ನ ಲೆಕ್ಕ. ಆದರೆ ಅವರು ತೆಗೆದುಕೊಳ್ಳುವುದು ತೀವ್ರ ಅಂಗವೈಕಲ್ಯ ಎಂದು ಡಾಕ್ಟರುಗಳ ಬೋರ್ಡು ಬರೆದುಕೊಟ್ಟವರನ್ನು ಮಾತ್ರ, ಅದು ಅವರ ನಿಯಮ, ಮತ್ತು ನನ್ನ ಚೋಂದಿ ಈಗ ತೀವ್ರ ಅಲ್ಲ. ಹಿಂದೆ ಇದ್ದಳು. ಕಳೆದ ಚಳಿಗಾಲದಲ್ಲಿ ನಾನೇ ಅವಳನ್ನು ತೀವ್ರದಿಂದ ಕೆಳಗಿಳಿಸಿದೆ, ಬಾಚಣಿಗೆಯಿಂದ, ಪಾಲಿಷ್ ಡಬ್ಬಿಯಿಂದ, ಇಸ್ತ್ರಿ ಪೆಟ್ಟಿಗೆಯಿಂದ.

ಹಳೆಯ ಸರ್ಟಿಫಿಕೇಟಿನ ಅವಧಿ ಮುಗಿದಿತ್ತು, ಹೊಸದಕ್ಕೆ ಬೋರ್ಡಿನ ಮುಂದೆ ಬರಬೇಕೆಂದರು, ದೊಡ್ಡ ಡಾಕ್ಟರುಗಳ ಮುಂದೆ ಹೋಗುವುದು ಎಂದರೆ ನಮ್ಮಲ್ಲಿ ಹೇಗೆ ಹೋಗುತ್ತಾರೆ, ಮುಂಜಾನೆ ಎದ್ದು ತಲೆಗೆ ಸ್ನಾನ ಮಾಡಿಸಿದೆ, ಎರಡು ಜಡೆ, ಬಿಳಿ ರಿಬ್ಬನ್, ಗಂಜಿ ಹಾಕಿದ ಸಲ್ವಾರ್, ಕಪ್ಪು ಬೂಟು, ಅದನ್ನು ಅವಳೇ ಉಜ್ಜಿದಳು, ಒಂದೇ ಕೈಯಲ್ಲಿ, ಬೂಟನ್ನು ಮೊಣಕಾಲ ಸಂದಿಯಲ್ಲಿ ಹಿಡಿದು, ಅವಳಪ್ಪ ಕಲಿಸಿದ ಹಾಗೆ. ಅವರು ಪ್ರತಿ ಭಾನುವಾರ ವರಾಂಡದಲ್ಲಿ ಇನ್‌ಸ್ಪೆಕ್ಷನ್ ಮಾಡುತ್ತಿದ್ದರು, ಉಗುರು, ಕಿವಿ, ಜಡೆ, ಬೂಟು, ಇವಳು ಹಿಮ್ಮಡಿ ಜೋಡಿಸಿ ಎದೆ ಮುಂದೆ ಮಾಡಿ ನಿಲ್ಲಬೇಕು, ಅವರು ಗಂಟಲು ದಪ್ಪ ಮಾಡಿ ಚೋಂದಮ್ಮಾ, ಕೈಸೀ ಹೋ, ಹೇಗಿದ್ದೀಯ ಎಂದು ಕೇಳಬೇಕು, ಇವಳು ಠೀಕ್ ಹೂಂ ಸಾಬ್, ಚೆನ್ನಾಗಿದ್ದೇನೆ ಸಾಹೇಬರೇ ಎನ್ನಬೇಕು. ಆ ಮೂರು ಮಾತು ಬರಲು ಎಷ್ಟು ವರ್ಷ ಹಿಡಿಯಿತು, ಮೊದಲು ಬರೀ ಟೀ, ಟೀ, ಕ್ವಾರ್ಟರ್ಸಿನ ಮಕ್ಕಳು ಟೀ ಟೀ ಎಂದೇ ಇವಳನ್ನು ಅಣಕಿಸುತ್ತಿದ್ದವು, ಆಮೇಲೆ ಠೀಕ್, ಠೀಕಿನ ಮೇಲೆ ಹೂಂ ನಿಲ್ಲುವ ಹೊತ್ತಿಗೆ ನಮ್ಮ ಪೋಸ್ಟಿಂಗೇ ಬದಲಾಯಿತು, ಜೋಧಪುರದ ಬಿಸಿಲಿನಲ್ಲಿ ಒಂದು ಭಾನುವಾರ ಸಾಬ್ ಎಂದಳು, ಇವಳಪ್ಪ ಸೆಲ್ಯೂಟ್ ಹೊಡೆದು ನಿಂತರು, ಕೈ ಇಳಿಸಲಿಲ್ಲ, ಕಣ್ಣೀರು ಗಲ್ಲದಿಂದ ಮೀಸೆಗೆ ಹೋಯಿತು, ನಾನು ಅಡುಗೆಮನೆಗೆ ಓಡಿ ಪಾಯಸಕ್ಕೆ ಇಟ್ಟೆ. ಅವ್ವ, ಅಪ್ಪ, ಚಾಯ್, ಠೀಕ್ ಹೂಂ ಸಾಬ್ — ಇವಳ ಮಾತೆಲ್ಲ ಇಷ್ಟೇ, ಹೊಟ್ಟೆನೋವಿಗೂ ಠೀಕ್ ಹೂಂ ಸಾಬ್, ಬಿದ್ದು ಮಂಡಿ ಒಡೆದರೂ ಠೀಕ್ ಹೂಂ ಸಾಬ್, ಅವಳಪ್ಪನ ಹೆಣದ ಮುಂದೆ ನಿಲ್ಲಿಸಿದಾಗ ಯಾರೋ ರೆಜಿಮೆಂಟಿನ ಅಧಿಕಾರಿ ಬಗ್ಗಿ ಬೇಟಾ ಎಂದರು, ಅವರಿಗೂ ಅದೇ. ಬೋರ್ಡಿನ ಡಾಕ್ಟರಿಗೂ ಅದೇ. ನಡೆದು ತೋರಿಸು ಎಂದರೆ ಠೀಕ್ ಹೂಂ ಸಾಬ್ ಎಂದು ಕವಾಯತಿನ ಹಾಗೆ ನಡೆದಳು, ಊಟ ಮಾಡ್ತೀಯಾ ಎಂದರೆ ಠೀಕ್ ಹೂಂ ಸಾಬ್, ಅವರು ಕನ್ನಡಕ ಮೇಲೆತ್ತಿ ನಕ್ಕರು, ವೆರಿ ಗುಡ್, ವೆರಿ ಗುಡ್, ಬಹುತ್ ಅಚ್ಛಾ ರಖಾ ಹೈ ಆಪ್ನೇ ಮಾತಾಜೀ, ಎಷ್ಟು ಚೆನ್ನಾಗಿ ಸಾಕಿದ್ದೀರಿ, ಇದನ್ನ ನೋಡಿ ಎಲ್ಲರೂ ಕಲೀಬೇಕು. ನಾನು ಹಿಗ್ಗಿದೆ. ಅಯ್ಯೋ, ಹಿಗ್ಗಿದೆನಲ್ಲ, ಮನೆಗೆ ಹೋಗುವಾಗ ಆಟೋ ನಿಲ್ಲಿಸಿ ಸರೋಜಿನಿ ನಗರದ ಮಾರ್ಕೆಟ್ಟಿನಲ್ಲಿ ಇವಳಿಗೆ ಗಾಜಿನ ಬಳೆ ತೊಡಿಸಿದೆ, ನಿಮ್ಮಪ್ಪ ಇದ್ದಿದ್ದರೆ ಎಂದು ಆಟೋದವನಿಗೂ ಕೇಳುವ ಹಾಗೆ ಹೇಳಿದೆ. ಕಾರ್ಡು ಬಂತು. ಮಧ್ಯಮ ಎಂದು ಬರೆದಿತ್ತು. ಗ್ರೇಟರ್ ನೋಯ್ಡಾದ ಮೇಡಂ ಫೋನಿನಲ್ಲಿ, ಸಾರಿ ಆಂಟೀಜೀ, ಇಷ್ಟು ಚೆನ್ನಾಗಿರೋರನ್ನ ನಾವು ತಗೊಳ್ಳೋ ಹಾಗಿಲ್ಲ, ಅವರು ಮನೇಲೇ ಇರಬಹುದು. ಮನೆಯಲ್ಲೇ. ಯಾರ ಮನೆ, ಯಾರು ಇರುವ ಮನೆ.

ಆಗ ಸಿಕ್ಕವಳು ಈ ಹರ್ಷಿಣಿ, ಅಗೋ ಕಿಟಕಿಯ ಹತ್ತಿರ ಫೋನು ಹಿಡಿದು ನಿಂತಿದ್ದಾಳೆ, ಕುರ್ತಾ ಜೀನ್ಸು, ಹೆಗಲಿಗೆ ಇಷ್ಟು ದೊಡ್ಡ ಚೀಲ, ನನ್ನಂಥವರಿಗೆ ಕಚೇರಿ ಆಸ್ಪತ್ರೆ ದಾಟಿಸುವುದೇ ಅವಳ ಕೆಲಸ, ಅದಕ್ಕೊಂದು ಸಂಸ್ಥೆ ಇದೆ, ಅಪ್ಪ ಅಮ್ಮ ಹಾಸನದವರು, ಅವಳು ದಿಲ್ಲಿಯಲ್ಲೇ ಬೆಳೆದದ್ದು, ಆಂಟಿ, ನಂಗೆ ಕನ್ನಡ ಪೂರಾ ಬರಲ್ಲ, ಗುಸ್ಸಾ ಮಾಡ್ಕೋಬೇಡಿ ಎಂದು ಶುರುಮಾಡಿದವಳು, ಈ ಆಸ್ಪತ್ರೆಯ ಪಾಲುಗಳನ್ನೆಲ್ಲ ಒಂದು ಕಡೆ ಕೂಡಿಸಲು ನೋಡಿದವಳು ಅವಳೊಬ್ಬಳೇ, ಫಿಟ್ಸಿನವರನ್ನು ಸಕ್ಕರೆಯವರ ಹತ್ತಿರ ಫೋನಿನಲ್ಲಿ ಮಾತಾಡಿಸಿದಳು, ಅವತ್ತಿನಿಂದ ಚೋಂದಿ ಬೀಳುವುದು ಕಡಿಮೆಯಾಯಿತು, ಆ ಋಣ ಇದೆ, ಅದಕ್ಕೇ ಅವಳು ಹೇಳಿದ್ದಕ್ಕೆಲ್ಲ ಹೂಂ ಎಂದೆ. ಬೋರ್ಡಿಗೆ ಮೇಲ್ಮನವಿ ಹಾಕಿಸಿ ನನ್ನನ್ನು ಅವಳ ಆಫೀಸಿನಲ್ಲಿ ಎದುರು ಕೂರಿಸಿಕೊಂಡಳು, ಪರೀಕ್ಷೆಗೆ ಓದಿಸುವ ಹಾಗೆ. ಆಂಟಿ, ಚೋಂದಿ ದೀದಿ ಅವರೇ ಊಟ ಮಾಡ್ತಾರಾ. ಮಾಡುತ್ತಾಳೆ. ದೇಖಿಯೇ, ಇಲ್ಲೇ ಗಲತಿ, ಅನ್ನ ಯಾರು ಕಲಸೋದು. ನಾನು. ತಟ್ಟೆ ಯಾರು ಹಿಡಿಯೋದು. ನಾನು. ಗಂಟಲಿಗೆ ಸಿಕ್ಕಿದರೆ ಬೆನ್ನು ಯಾರು ತಟ್ಟೋದು. ನಾನು. ಹಾಗಾದ್ರೆ ನೀವಿಲ್ಲದೆ ಊಟ ಮಾಡ್ತಾರಾ ಆಂಟಿ. ಹೇಳಿ ಆಂಟಿ. ಇಲ್ಲ. ಬಸ್, ಅದನ್ನೇ ಹೇಳಿ, ಬಚ್ಚಲಿಗೆ ಅವರೇ ಹೋಗ್ತಾರಾ. ಹೋಗು — ಇಲ್ಲ. ಗುಡ್. ಸುಳ್ಳು ಒಂದೂ ಬೇಡ ಆಂಟಿ, ಒಳ್ಳೆ ದಿನ ಬಿಟ್ಟುಬಿಡಿ, ಕೆಟ್ಟ ದಿನ ಹೇಳಿ, ಅವರು ನೋಡೋದು ಒಂದೇ ಗಳಿಗೆ, ಆ ಗಳಿಗೆ ನಿಮ್ಮ ಕೆಟ್ಟ ದಿನ ಆಗಿರಬೇಕು, ಮತ್ತೆ ಪ್ಲೀಸ್, ರೆಡಿ ಮಾಡ್ಕೊಂಡು ಕರ್ಕೊಂಡು ಬರಬೇಡಿ, ತಲೆ ಬಾಚಬೇಡಿ. ತಲೆ ಬಾಚಬೇಡ ಎನ್ನುವಾಗ ಆ ಹುಡುಗಿಯ ಧ್ವನಿ ಕೆಳಗಿಳಿಯಿತು, ನಾಚಿಕೆಪಟ್ಟುಕೊಂಡಳು, ಅವಳದೇನು ತಪ್ಪು, ಅವಳು ಅಂಗಡಿಯ ಬೆಲೆ ಹೇಳಿದಳು ಅಷ್ಟೇ, ಅಂಗಡಿ ಅವಳದಲ್ಲ. ಚೆನ್ನಾಗಿ ಸಾಕಿದರೆ ಏನೂ ಸಿಗದ ಅಂಗಡಿ. ಸೋತು ಕೈಬಿಟ್ಟು ತಿಪ್ಪೆಗೆ ಹಾಕಿದ್ದರೆ ಎಂದೋ ಹಾಸಿಗೆ ಸಿಗುತ್ತಿತ್ತು. ಈ ವಾರವೆಲ್ಲ ಬೆಳಿಗ್ಗೆ ಚೋಂದಿ ಬಾಚಣಿಗೆ ತಂದು ನನ್ನ ಮಡಿಲಲ್ಲಿಟ್ಟು ನನಗೆ ಬೆನ್ನು ಮಾಡಿ ಕೂರುತ್ತಿದ್ದಳು, ನಾಳೆ ಎನ್ನುತ್ತಿದ್ದೆ, ಕೂತೇ ಇರುತ್ತಿದ್ದಳು, ಹಾಲು ಉಕ್ಕಿ ಒಲೆ ಆರುವವರೆಗೆ, ಆ ಬೆನ್ನು ತಿರುಗುತ್ತಿರಲಿಲ್ಲ, ಕೊನೆಗೆ ಬಾಚಣಿಗೆಯನ್ನೇ ಅಕ್ಕಿ ಡಬ್ಬಿಯ ಹಿಂದೆ ಅಡಗಿಸಿದೆ, ಅವಳು ಮನೆಯೆಲ್ಲ ಹುಡುಕಿ ಅವಳಪ್ಪನ ಫೋಟೋದ ಹಿಂದೆಯೂ ನೋಡಿದಳು.

ಚೋಂಡಮ್ಮಾ, ಡಾಟರ್ ಆಫ್ ಲೇಟ್ ಮೊನ್ನೈಯಾ — ಕೂಗಿದರು, ನಮ್ಮ ಹೆಸರಿನ ಚೂರುಪಾರು ಅದು, ನಾವೇ, ಏಳು ಮಗಳೇ, ನಿಧಾನ, ಬೂಟಿಲ್ಲದ ಕಾಲು ಅವಳಿಗೆ ಅಭ್ಯಾಸವಿಲ್ಲ, ಚಪ್ಪಲಿ ಜಾರುತ್ತದೆ, ಹರ್ಷಿಣಿ ನನ್ನ ಮೊಣಕೈ ಒತ್ತಿ ಆಂಟಿ, ಕೆಟ್ಟ ದಿನ ಎಂದಳು, ಬಾಗಿಲಾಚೆ ಅವಳನ್ನು ಬಿಡುವುದಿಲ್ಲ, ತಾಯಿ ಮಗಳು ಮಾತ್ರ. ಅದೇ ಕನ್ನಡಕದ ಡಾಕ್ಟರ್, ಪಕ್ಕಕ್ಕೆ ಒಬ್ಬಳು ಎಳೆಯ ಡಾಕ್ಟರಮ್ಮ, ಮೂಲೆಯಲ್ಲಿ ಕಂಪ್ಯೂಟರ್ ಬಡಿಯುವವನು, ಹೀಟರಿನ ಕೆಂಪು ಕಂಬಿ, ಚಹಾದ ಲೋಟದ ಮೇಲೆ ಬಿಸ್ಕತ್ತು. ಕನ್ನಡಕದವರಿಗೆ ಇವಳ ನೆನಪಿಲ್ಲ, ಇವಳನ್ನು ನೋಡಿ ಎಲ್ಲರೂ ಕಲಿಯಬೇಕು ಎಂದವರು, ಮರೆತಿದ್ದಾರೆ, ಒಳ್ಳೆಯದೇ ಆಯಿತು. ಬತಾಯಿಯೇ ಮಾತಾಜೀ, ಏನು ತೊಂದರೆ. ನಾನು ಬಾಯಿಪಾಠ ಒಪ್ಪಿಸಿದೆ, ಬಟ್ಟೆಯಲ್ಲೇ ಮಾಡಿಕೊಳ್ಳುತ್ತಾಳೆ ಸಾಬ್, ತಿಂಗಳಿನದು ಬಂದಾಗ ಗೋಡೆಗೆ ಬಳಿಯುತ್ತಾಳೆ, ಸೋಪು ತಿಂದಿದ್ದಾಳೆ, ತನ್ನ ಕೈ ತಾನೇ ಕಚ್ಚುತ್ತಾಳೆ, ಒಮ್ಮೆ ನನ್ನನ್ನು ನೂಕಿ ನನ್ನ ಮಣಿಕಟ್ಟು ಮುರಿದಿದೆ, ರಸ್ತೆಗೆ ಓಡುತ್ತಾಳೆ, ಏನೂ ತಿಳಿಯುವುದಿಲ್ಲ ಸಾಬ್, ಇವಳಿಗೆ ಏನೂ ತಿಳಿಯುವುದಿಲ್ಲ — ಎಲ್ಲ ನಡೆದದ್ದೇ, ಒಂದೊಂದು ಒಂದೊಂದು ವರ್ಷದಲ್ಲಿ ನಡೆದದ್ದು, ಬಿಡಿಬಿಡಿಯಾಗಿ ಸಹಿಸಿ ಒರೆಸಿ ಹಾಕಿದ್ದು, ಅದನ್ನೆಲ್ಲ ಒಂದೇ ಹಾರವಾಗಿ ಪೋಣಿಸಿ ಅವಳ ಕೊರಳಿಗೆ ಹಾಕಿದೆ, ಅವಳು ಪಕ್ಕದಲ್ಲೇ ನಿಂತಿದ್ದಳು, ಹಿಂದಿಯಲ್ಲಿ ಹುಟ್ಟಿ ಬೆಳೆದವಳು, ಕ್ವಾರ್ಟರ್ಸಿನ ಹಿಂದಿ, ಪ್ರತಿ ಮಾತೂ ತಿಳಿಯುತ್ತದೆ. ಇವಳ ಮುಂದೆ ಇವಳ ಬಗ್ಗೆ ಕೆಟ್ಟ ಮಾತಾಡಕೂಡದು ಎನ್ನುವುದು ನಮ್ಮ ಮನೆಯ ಕಾಯಿದೆಯಾಗಿತ್ತು, ಅವಳಪ್ಪ ಆ ಮಾತಿಗೆ ಸ್ವಂತ ಅಣ್ಣನ ಜೊತೆ ಊಟ ಬಿಟ್ಟರು. ನಾನು ಇವಳ ಮುಖ ನೋಡಲಿಲ್ಲ. ಡಾಕ್ಟರರ ಬಿಸ್ಕತ್ತು ನೋಡಿದೆ, ಬಿಸಿಗೆ ಮೆತ್ತಗಾಗಿ ಲೋಟದೊಳಗೆ ಬಿತ್ತು.

ಆಮೇಲೆ ಆ ಎಳೆಯ ಡಾಕ್ಟರಮ್ಮ, ಒಳ್ಳೆಯ ಮನಸ್ಸು, ಕುರ್ಚಿಯಿಂದ ಎದ್ದು ಮೇಜು ಸುತ್ತಿ ಬಂದು ಇವಳ ಎದುರು ನಿಂತಳು, ಯಾರೂ ಹಾಗೆ ಬರುವುದಿಲ್ಲ, ನಗುತ್ತ ಕೇಳಿದಳು, ಚೋಂದಮ್ಮಾ, ಕೈಸೀ ಹೋ. ಅವಳಿಗೇನು ಗೊತ್ತು ಯಾರ ಮಾತದು ಎಂದು. ಹವಾಯಿ ಚಪ್ಪಲಿಯ ಹಿಮ್ಮಡಿ ಕೂಡಿಕೊಂಡವು, ನೈಟಿಯೊಳಗಿನ ಎದೆ ಮುಂದೆ ಬಂತು, ಬಾಯಿ ತೆರೆಯಿತು, ಠೀ ಎನ್ನಲು ನಾಲಿಗೆ ಮೇಲಕ್ಕೆ ಹೋಗಿ ಅಂಗುಳಕ್ಕೆ ತಾಗಿದ್ದು ನನಗೆ ಕಾಣಿಸಿತು, ಈಗ ಹೇಳುತ್ತಾಳೆ, ಹೇಳಿದಳೆಂದರೆ ಮುಗಿಯಿತು, ಮಧ್ಯಮ, ಮನೆಯಲ್ಲೇ ಇರಬಹುದು, ನನ್ನ ಎದೆಯ ಬಾಗಿಲು ಯಾವುದೋ ಬೆಳಿಗ್ಗೆ ಮುಚ್ಚದೆ ನಿಲ್ಲುತ್ತದೆ, ನನ್ನ ಪಕ್ಕದಲ್ಲಿ ಇವಳು ಕೂತಿರುತ್ತಾಳೆ, ಹಸಿವಾದರೂ ಕೂತಿರುತ್ತಾಳೆ, ಬೆನ್ನು ನೆಟ್ಟಗೆ ಮಾಡಿ, ಯಾರೋ ಬಾಗಿಲು ಒಡೆದು ಬಂದು ಕೇಳಿದರೆ ಠೀಕ್ ಹೂಂ ಸಾಬ್ ಎನ್ನುತ್ತಾಳೆ. ಇವತ್ತು ಬೆಳಿಗ್ಗೆ ಆಟೋ ಹತ್ತುವ ಮೊದಲೇ ಹೇಳಿದ್ದೆ, ಹರ್ಷಿಣಿ ಹೇಳಿಕೊಟ್ಟದ್ದಲ್ಲ, ಅವಳು ಸುಳ್ಳು ಬೇಡ ಎಂದಿದ್ದಳು, ಇದು ನನ್ನ ಸ್ವಂತದ್ದು, ಚೋಂದೀ, ಇವತ್ತು ಮಾತಾಡಬೇಡ, ಯಾರು ಕೇಳಿದರೂ ಮಾತಾಡಬೇಡ, ಅವ್ವನ ಆಣೆ, ಇವಳಿಗೆ ಆಣೆ ತಿಳಿಯುತ್ತದೆಯೋ ಇಲ್ಲವೋ ಎಂದುಕೊಂಡಿದ್ದೆ. ಬಾಯಿ ತೆರೆದುಕೊಂಡೇ ನನ್ನ ಕಡೆ ತಿರುಗಿದಳು. ನಾನು ಬೇಡ ಎಂದು ತಲೆಯಾಡಿಸಿದೆ, ಸ್ವಲ್ಪ, ಇಷ್ಟೇ ಇಷ್ಟು. ಅವಳು ಸರಿಯಾದ ಕೈಯನ್ನು ಮೇಲೆತ್ತಿದಳು, ಹೆಬ್ಬೆರಳು, ತೋರುಬೆರಳು, ಎರಡೂ ತುಟಿಗಳನ್ನು ಕೂಡಿಸಿ ಹಿಡಿದಳು, ಚೀಲದ ಬಾಯಿ ಕಟ್ಟಿದ ಹಾಗೆ, ಬಿಗಿಯಾಗಿ, ತುಟಿ ಬೆಳ್ಳಗಾಗುವಷ್ಟು, ಮಾತು ಒಳಗಿನಿಂದ ನೂಕುತ್ತಿತ್ತು, ಗಲ್ಲ ಉಬ್ಬುತ್ತಿತ್ತು, ಬೆರಳು ಬಿಡಲಿಲ್ಲ. ಬೋಲ್ತೀ ಹೈ ಕ್ಯಾ, ಮಾತಾಡುತ್ತಾಳಾ ಎಂದರು ಕನ್ನಡಕದವರು. ನಹೀಂ ಸಾಬ್, ಎಂದಿತು ನನ್ನ ಬಾಯಿ. ಹಿಂದಿನ ರೆಕಾರ್ಡಿನಲ್ಲಿ ಮಾತಿದೆ ಅಂತ ಬರೆದಿದೆಯಲ್ಲ ಎಂದ ಕಂಪ್ಯೂಟರಿನವನು. ವಯಸ್ಸಾದ ಹಾಗೆ ಹೋಗುತ್ತೆ, ಇಂಥವರಲ್ಲಿ ಹೋಗುತ್ತೆ, ಎಂದರು ಕನ್ನಡಕದವರು, ಬರ್ಕೋ, ಮಾತಿಲ್ಲ, ತಿಳಿವಳಿಕೆ ಇಲ್ಲ, ಹೇಳಿದ ಮಾತು ಪಾಲಿಸುವ ಶಕ್ತಿ ಇಲ್ಲ. ಹೇಳಿದ ಮಾತು ಪಾಲಿಸುವ ಶಕ್ತಿ ಇಲ್ಲ ಎಂದು ಅವನು ಬಡಿದ, ಟಕಟಕ, ಇವಳು ಎದುರಿಗೆ ನಿಂತು ಬೆರಳು ಒತ್ತಿ ಹಿಡಿದಿದ್ದಳು. ಡಾಕ್ಟರಮ್ಮ ಆ ಬೆರಳನ್ನು ನೋಡಿದಳು, ನನ್ನನ್ನು ನೋಡಿದಳು, ಏನೋ ಕೇಳಬೇಕೆಂದಿದ್ದವಳು ತನ್ನ ಕುರ್ಚಿಗೆ ಹೋಗಿ ಕುಳಿತಳು.

ಆಯಿತು, ಹೊರಗೆ ಬಂದೆವು, ಹೋ ಗಯಾ ಆಂಟಿ, ಆಯ್ತು, ತೀವ್ರ ಅಂತ ಬರೆದಿದ್ದಾರೆ, ಹರ್ಷಿಣಿ ನನ್ನ ಕೈಯ ಚೀಟಿ ಓದಿ ನನ್ನನ್ನು ತಬ್ಬಿಕೊಂಡಳು, ಆ ದೊಡ್ಡ ಚೀಲ ನನ್ನ ಪಕ್ಕೆಗೆ ಒತ್ತಿತು, ಅವಳ ಕಣ್ಣಲ್ಲಿ ನೀರು, ಅಲ್ಲೇ ನಿಂತು ಗ್ರೇಟರ್ ನೋಯ್ಡಾಗೆ ಫೋನ್, ಹಾಂಜೀ, ಹಾಂಜೀ, ಹಾಸಿಗೆ ಇದೆಯಂತೆ, ನೀವು ಆಪರೇಷನ್‌ಗೆ ಹೆಸರು ಕೊಡಬಹುದು ಆಂಟಿ, ನಾನೇ ಕರ್ಕೊಂಡು ಹೋಗ್ತೀನಿ, ಎದುರು ಬೆಂಚಿನ ಹೆಂಗಸಿಗೂ ಅರ್ಥವಾಗಿ ಮುಬಾರಕ್ ಹೋ ಬೆಹನ್‌ಜೀ ಎಂದಳು, ಮದುವೆ ಗೊತ್ತಾದವರಿಗೆ ಹೇಳುವ ಹಾಗೆ, ನಾನು ಕೈ ಮುಗಿದೆ. ಇಳಿಜಾರಿನ ಸ್ಕೂಟರ್ ಸುತ್ತಿಕೊಂಡು ಬಿಸಿಲಿಗೆ ಬಂದೆವು, ದಿಲ್ಲಿಯ ಚಳಿಗಾಲದ ಬಿಸಿಲು, ಹೊಗೆಯ ಹಿಂದೆ ತೇಪೆ ಹಾಕಿದ ಹಾಗೆ, ಗೇಟಿನ ಹತ್ತಿರ ಚಾಯ್‌ವಾಲಾ, ಚೋಂದೀ, ಆಯಿತು ಮಗಳೇ, ಮುಗಿಯಿತು, ಇನ್ನು ಮಾತಾಡು. ಬೆರಳು ತುಟಿಯ ಮೇಲೇ ಇದೆ. ಚೋಂದಿ ದೀದಿ, ಚಾಯ್ ಪಿಯೋಗೀ, ಎಂದಳು ಹರ್ಷಿಣಿ, ಚಾಯ್ ಎಂದರೆ ಇವಳು ಚಾಯ್ ಎನ್ನದ ದಿನವಿಲ್ಲ, ಭಯ್ಯಾ ಲೋಟ ಚಾಚಿದ, ಹಬೆ ಇವಳ ಮೂಗಿಗೆ ತಾಗಿತು, ಕಣ್ಣು ಲೋಟದ ಮೇಲಿದೆ, ಬೆರಳು ತುಟಿಯ ಮೇಲಿದೆ. ನಾನು ಕೈ ಹಿಡಿದು ಇಳಿಸಲು ನೋಡಿದೆ, ಬೆರಳಿನ ತುದಿಗೆ ಬಳೆ ತೊಡಿಸುವವರ ಬಲ ಬಂದಿದೆ, ಬಿಡುತ್ತಿಲ್ಲ, ಬಿಡು ಚೋಂದಿ, ಆಣೆ ತೆಗೆದೆ, ಅವ್ವ ಆಣೆ ತೆಗೆದೆ ನೋಡು, ಅವಳು ನನ್ನನ್ನೇ ನೋಡುತ್ತಾಳೆ, ಸಿಟ್ಟಿಲ್ಲ, ಸಿಟ್ಟಿದ್ದರೆ ಆಗುತ್ತಿತ್ತು, ಸರಿಯಾಗಿ ಹಿಡಿದಿದ್ದೇನೆಯೇ ಎಂದು ಕೇಳುವ ಕಣ್ಣು, ಇನ್‌ಸ್ಪೆಕ್ಷನ್ನಿಗೆ ನಿಂತವಳ ಕಣ್ಣು. ಹರ್ಷಿಣಿ ಆಚೆ ತಿರುಗಿ ಆಟೋ ಕೂಗುತ್ತಿದ್ದಾಳೆ. ಯಾರೂ ನೋಡುತ್ತಿಲ್ಲ. ನಾನು ಗಂಟಲು ದಪ್ಪ ಮಾಡುತ್ತೇನೆ, ಈ ಮುದಿ ಗಂಟಲಿಗೆ ಅದು ಬರುವುದಿಲ್ಲ, ಆದರೂ, ಚೋಂದಮ್ಮಾ, ಕೈಸೀ ಹೋ — ಹಿಮ್ಮಡಿ ಕೂಡಿಕೊಳ್ಳುತ್ತವೆ, ಎದೆ ಮುಂದೆ ಬರುತ್ತದೆ, ಗಲ್ಲ ಉಬ್ಬುತ್ತದೆ, ಎರಡು ಬೆರಳು, ನಡುವೆ ಬೆಳ್ಳಗಾದ ತುಟಿ, ಕೈಸೀ ಹೋ ಮಗಳೇ, ಎರಡು ಬೆರಳು, ಕೈಸೀ ಹೋ, ಎರಡು ಬೆರಳು, ಬೆಳ್ಳಗಾದ ತುಟಿ, ಎರಡು ಬೆರಳು